ಹಳದಿ ಕಲ್ಲುಗಳ ದಾರಿ

ಡಿಸೆಂಬರ್ ತಿಂಗಳ ಚಳಿ. ಬೆಳಗಿನ ಐದು ಗಂಟೆ. ಬೆಂಗಳೂರಿನ ಒಂದು ಶಾಲೆಯ ಗೇಟಿನ ಮುಂದೆ ಪ್ರವಾಸದ ಬಸ್ಸು ಸಿದ್ಧವಾಗಿ ನಿಂತಿದೆ. ಟೋಪಿ, ಮಫ್ಲರು, ಚಕ್ಕುಲಿಯ ಡಬ್ಬಿ, ನೀರಿನ ಬಾಟಲಿ. ಕಿಟಕಿಯ ಪಕ್ಕದ ಸೀಟಿಗಾಗಿ ಒಳಗೆ ಜಗಳ ನಡೆದಿದ್ದರೆ, ಹೊರಗೆ ತಂದೆ ತಾಯಂದಿರು ಮೇಷ್ಟ್ರನ್ನು ಸುತ್ತುವರಿದು ನಿಂತಿದ್ದಾರೆ. ಬಸ್ಸು ಹೊರಡುವ ಗಳಿಗೆಯಲ್ಲಿ ಎಲ್ಲರ ಬಾಯಿಂದಲೂ ಬರುವುದು ಒಂದೇ ಮಾತು: 'ತಲುಪಿದ ಕೂಡಲೇ ಫೋನ್ ಮಾಡು.'

ಕರ್ನಾಟಕದ ಅದೆಷ್ಟೋ ಶಾಲೆಗಳ ಮಕ್ಕಳು ಕಡಲನ್ನು ಮೊದಲ ಬಾರಿ ಕಂಡದ್ದು ಈ ದಾರಿಯಲ್ಲಿ ಹೋಗಿ. ಬೆಂಗಳೂರಿನಿಂದ ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ. ಅಲ್ಲಿಂದ ಶಿರಾಡಿ ಘಾಟಿಯನ್ನಿಳಿದು ನೆಲ್ಯಾಡಿ, ಉಪ್ಪಿನಂಗಡಿ, ಬಿ.ಸಿ. ರೋಡ್, ಮಂಗಳೂರು. ಸುಮಾರು 350 ಕಿಲೋಮೀಟರ್. ಬಯಲು, ತೆಂಗಿನ ತೋಟ, ಕಾಫಿ ತೋಟ, ದಟ್ಟ ಕಾಡು, ಕೊನೆಗೆ ನೇತ್ರಾವತಿ. ಒಂದೇ ಹಗಲಿನಲ್ಲಿ ನಾಡಿನ ಇಷ್ಟೊಂದು ಬಗೆಗಳನ್ನು ತೋರಿಸುವ ರಸ್ತೆಗಳು ಹೆಚ್ಚಿಲ್ಲ.

ಈ ದಾರಿಯುದ್ದಕ್ಕೂ ಇನ್ನೊಂದು ನೋಟವೂ ಇದೆ. ಸಾಮಾನ್ಯವಾಗಿ ಯಾರೂ ಅದನ್ನು ನೋಡುವುದಿಲ್ಲ. ಆಂಬುಲೆನ್ಸ್‌ಗಳ ಮೈಮೇಲೆ 108, ಪೊಲೀಸ್ ಜೀಪುಗಳ ಮೇಲೆ 112, ಹೆದ್ದಾರಿಯ ಫಲಕಗಳಲ್ಲಿ 1033. ಮೂರು ಸಂಖ್ಯೆಗಳು. ಮೂರಕ್ಕೂ ಹಣ ಕೊಡಬೇಕಿಲ್ಲ, ಮೂರೂ ಹಗಲಿರುಳು ಎಚ್ಚರವಾಗಿರುತ್ತವೆ. ಅವುಗಳಿಗೆ ಕರೆ ಮಾಡಿದವರೆಲ್ಲ ಎದುರಿಸುವ ಪ್ರಶ್ನೆಯೂ ಒಂದೇ: 'ಎಲ್ಲಿದ್ದೀರಿ?' ಸಂಖ್ಯೆ ಒತ್ತುವುದು ಸುಲಭ. ಈ ಪ್ರಶ್ನೆಗೆ ಉತ್ತರ ಹೇಳುವುದೇ ಕಷ್ಟ. ಉತ್ತರವಿರುವುದು ರಸ್ತೆಯ ಬದಿಯಲ್ಲಿ, ಸಾಲಾಗಿ ಕುಳಿತ ಹಳದಿ ತಲೆಯ ಕಲ್ಲುಗಳಲ್ಲಿ.

ಎರಡು ಹೆಸರಿನ ಕವಲು

ಪೀಣ್ಯದ ಮೇಲ್ಸೇತುವೆ ಇಳಿದು ಮುಂದೆ ಬಂದರೆ ನೆಲಮಂಗಲ. ಇಲ್ಲಿ ದಾರಿ ಕವಲಾಗುತ್ತದೆ. ನೇರವಾಗಿ ಹೋದರೆ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಪುಣೆ. ಎಡಕ್ಕೆ ಹೊರಳಿದರೆ ಕುಣಿಗಲ್, ಹಾಸನ, ಮಂಗಳೂರು. ಹಿಂದಿನವರನ್ನು ಕೇಳಿದರೆ ತುಮಕೂರಿನ ದಾರಿ ರಾಷ್ಟ್ರೀಯ ಹೆದ್ದಾರಿ 4, ಮಂಗಳೂರಿನ ದಾರಿ ರಾಷ್ಟ್ರೀಯ ಹೆದ್ದಾರಿ 48. ಭೂಗೋಳದ ಪರೀಕ್ಷೆಗೆಂದು ಉರು ಹೊಡೆದವರಿಗೆ ಇಂದಿಗೂ ಅದು ಬಾಯಿಪಾಠ.

2010ರಲ್ಲಿ ಕೇಂದ್ರ ಸರ್ಕಾರ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಿತು. ಅದರಂತೆ ಮಂಗಳೂರಿನ ದಾರಿ 75 ಆಯಿತು. 48 ಎಂಬ ಸಂಖ್ಯೆ ಎಲ್ಲಿಗೆ ಹೋಯಿತು? ದೂರವೇನೂ ಹೋಗಲಿಲ್ಲ. ಅದೇ ನೆಲಮಂಗಲದಲ್ಲಿ ಪಕ್ಕದ ಕವಲಿಗೆ, ತುಮಕೂರಿನ ದಾರಿಗೆ, ಜಿಗಿದು ಕುಳಿತಿತು! ದೆಹಲಿಯಿಂದ ಮುಂಬೈ, ಬೆಂಗಳೂರುಗಳ ಮೂಲಕ ಚೆನ್ನೈಗೆ ಹೋಗುವ ಉದ್ದನೆಯ ಹೆದ್ದಾರಿಗೆ ಈಗ 48 ಎಂದು ಹೆಸರು. ಹೀಗಾಗಿ 'ನಲವತ್ತೆಂಟರಲ್ಲಿ ಅಪಘಾತವಾಗಿದೆ' ಎಂದು ಅಜ್ಜ ಹೇಳಿದರೆ ಅದು ಯಡಿಯೂರಿನ ಕಡೆ. ಮೊಮ್ಮಗ ಹೇಳಿದರೆ ದಾಬಸ್‌ಪೇಟೆಯ ಕಡೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಆಂಬುಲೆನ್ಸ್ ಒಂದೇ ಕಡೆಗೆ ಹೋಗಬಲ್ಲದು.

ಈ ಕವಲಿನ ಸಮೀಪದಲ್ಲಿ, ತುಮಕೂರು ರಸ್ತೆಯಲ್ಲಿ, 2016ರ ಫೆಬ್ರುವರಿಯಲ್ಲಿ ನಡೆದ ಘಟನೆಯನ್ನು ನಾಡು ಮರೆತಿಲ್ಲ. ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದ ಗುಬ್ಬಿಯ ಕಡೆಯ ಹರೀಶ್ ಎಂಬ ಯುವಕ ಲಾರಿಗೆ ಸಿಲುಕಿದರು. ದೇಹ ಎರಡು ತುಂಡಾಗಿತ್ತು. ಆ ಸ್ಥಿತಿಯಲ್ಲೂ ಅವರು ಸುತ್ತ ನಿಂತವರಲ್ಲಿ ತಮ್ಮ ಅಂಗಾಂಗಗಳನ್ನು ದಾನ ಮಾಡುವಂತೆ ಕೇಳಿಕೊಂಡರು. ಜೀವ ಉಳಿಯಲಿಲ್ಲ, ಕಣ್ಣುಗಳು ದಾನವಾದವು. ರಾಜ್ಯ ಸರ್ಕಾರ ಅದೇ ವರ್ಷ ರಸ್ತೆ ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆ ಉಚಿತವಾಗಿ ಸಿಗುವ ಯೋಜನೆ ಆರಂಭಿಸಿ ಅದಕ್ಕೆ ಹರೀಶರ ಹೆಸರಿಟ್ಟಿತು. ಸಾಯುವ ಗಳಿಗೆಯಲ್ಲಿ ಒಬ್ಬ ಯುವಕ ಇತರರ ಬಗ್ಗೆ ಯೋಚಿಸಬಲ್ಲನಾದರೆ, ಬದಿಯಲ್ಲಿ ಹಾದುಹೋಗುವ ಗಟ್ಟಿಮುಟ್ಟಾದ ಜನ ಒಂದು ಕರೆಯನ್ನಾದರೂ ಮಾಡಲಾರರೇ ಎಂಬ ಪ್ರಶ್ನೆಯನ್ನು ಆ ಸಾವು ಉಳಿಸಿಹೋಯಿತು.

ಒಂದು ಬೆಂಕಿ, ಮೂರು ಅಂಕಿ

ಕುಣಿಗಲ್ ದಾಟಿ ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನಿಗೆ ಕೈಮುಗಿದು, ಮಕ್ಕಳು ಇಡ್ಲಿ ತಿನ್ನುವ ಹೊತ್ತಿಗೆ ಬಿಸಿಲೇರಿರುತ್ತದೆ. 1990ರ ದಶಕದಲ್ಲಿ ಇಂತಹ ಊರುಗಳ ಪೇಟೆಬೀದಿಯಲ್ಲಿ ಎಸ್.ಟಿ.ಡಿ. ಬೂತ್‌ಗಳ ಹಳದಿ ಫಲಕಗಳು ಕಾಣುತ್ತಿದ್ದವು. ರಸ್ತೆಯಲ್ಲಿ ಏನಾದರೂ ಆದರೆ ಯಾರಾದರೊಬ್ಬರು ಸೈಕಲ್ಲನ್ನೋ ಲಾರಿಯನ್ನೋ ಹಿಡಿದು ಅಲ್ಲಿಗೆ ಓಡಬೇಕಿತ್ತು. ಪೊಲೀಸರಿಗೆ 100, ಅಗ್ನಿಶಾಮಕ ದಳಕ್ಕೆ 101, ಆಂಬುಲೆನ್ಸ್‌ಗೆ 102 ಎಂದು ಪುಸ್ತಕದಲ್ಲಿ ಇರುತ್ತಿತ್ತು. ಆದರೆ ಬಯಲಿನ ನಡುವೆ ಬಿದ್ದವನ ಬಳಿ ಪುಸ್ತಕವೂ ಇಲ್ಲ, ದೂರವಾಣಿಯೂ ಇಲ್ಲ.

ಆಪತ್ತಿಗೊಂದು ಚಿಕ್ಕ ಸಂಖ್ಯೆ ಬೇಕು ಎಂಬ ತಿಳಿವಳಿಕೆ ಬಂದದ್ದು ಲಂಡನ್ನಿನ ಒಂದು ಬೆಂಕಿಯಿಂದ. 1935ರ ನವೆಂಬರಿನಲ್ಲಿ ಅಲ್ಲಿನ ವಿಂಪೋಲ್ ಬೀದಿಯ ಮನೆಯೊಂದು ಹೊತ್ತಿಕೊಂಡಿತು. ನೆರೆಮನೆಯವರೊಬ್ಬರು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಲು ಹೋದರೆ ದೂರವಾಣಿ ಕೇಂದ್ರ ಅವರನ್ನು ಇತರ ಕರೆಗಳ ಸಾಲಿನಲ್ಲಿ ಕಾಯಿಸಿತು. ಐವರು ಹೆಂಗಸರು ಸತ್ತರು. ಆ ದುರಂತದ ವಿಚಾರಣೆಯ ಫಲವಾಗಿ 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಬಂತು. ಅಮೆರಿಕದ 911 ಮೊದಲು ಮೊಳಗಿದ್ದು 1968ರ ಫೆಬ್ರುವರಿ 16ರಂದು, ಅಲಬಾಮಾದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ. ಯುರೋಪಿನ ದೇಶಗಳು 1991ರಲ್ಲಿ 112ನ್ನು ಒಪ್ಪಿಕೊಂಡವು.

ನಮ್ಮ ಕಡೆ ಮೊದಲು ಮನೆಮಾತಾದದ್ದು 108. 2005ರ ಆಗಸ್ಟ್ 15ರಂದು ಆಂಧ್ರಪ್ರದೇಶದಲ್ಲಿ ಆರಂಭವಾದ ಈ ಆಂಬುಲೆನ್ಸ್ ಸೇವೆ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ ಕರ್ನಾಟಕಕ್ಕೆ ಬಂತು. ಹೆದ್ದಾರಿಗಳಿಗೆಂದೇ ಇರುವ 1033 ಎಂಬ ಸಂಖ್ಯೆ 2018ರ ಮಾರ್ಚ್‌ನಲ್ಲಿ ಶುರುವಾಯಿತು. ವಾಹನ ಕೆಟ್ಟು ನಿಂತರೂ, ರಸ್ತೆಗೆ ಮರ ಬಿದ್ದರೂ, ಲಾರಿ ಅಡ್ಡಡ್ಡ ಮಲಗಿದರೂ ರಾಷ್ಟ್ರೀಯ ಹೆದ್ದಾರಿಯಲ್ಲಿರುವವರು ಇದಕ್ಕೆ ಹೇಳಬಹುದು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರನ್ನೂ ಒಂದೇ ಬಾಗಿಲಿಗೆ ತರಬೇಕೆಂದು ದೇಶದಾದ್ಯಂತ ಬಂದದ್ದು 112. ಮೂರರಲ್ಲಿ ಯಾವುದೆಂದು ನೆನಪಾಗದಿದ್ದರೆ 112 ಸಾಕು.

ಸಂಖ್ಯೆಗಳು ಇಷ್ಟಿದ್ದರೂ ರಸ್ತೆಯ ಲೆಕ್ಕ ನೋಡಿದರೆ ಎದೆ ಝಲ್ಲೆನ್ನುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳಾಗಿ 1,68,491 ಜನ ಸತ್ತರು. ಈ ಸಾವುಗಳಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ರಾಷ್ಟ್ರೀಯ ಹೆದ್ದಾರಿಗಳಲ್ಲಿ ಸಂಭವಿಸಿದವು. ಅಪಘಾತದ ನಂತರದ ಮೊದಲ ಒಂದು ಗಂಟೆಯನ್ನು ವೈದ್ಯರು 'ಸುವರ್ಣ ಗಂಟೆ' ಎನ್ನುತ್ತಾರೆ. ರಕ್ತ ಹರಿಯುವುದನ್ನು ತಡೆಯಲು, ಉಸಿರಿನ ದಾರಿ ತೆರೆಯಲು ಆ ಗಂಟೆಯಲ್ಲಿ ಸಿಗುವ ಅವಕಾಶ ಮುಂದೆ ಸಿಗುವುದಿಲ್ಲ. ಆ ಗಂಟೆಯ ಹತ್ತು ನಿಮಿಷ 'ಎಲ್ಲಿ, ಯಾವ ಕಡೆ' ಎಂಬ ಮಾತಿನಲ್ಲೇ ಕರಗಿಹೋದರೆ?

ಕಲ್ಲು ಓದುವ ವಿದ್ಯೆ

ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ. ರಸ್ತೆ ಇಲ್ಲಿ ಅಗಲ, ಇಕ್ಕೆಲದಲ್ಲೂ ತೆಂಗು. ಬಸ್ಸಿನಲ್ಲಿ ಅಂತ್ಯಾಕ್ಷರಿ ಮುಗಿದು ಮಕ್ಕಳಿಗೆ ಬೇಸರ ಹತ್ತುವ ಹೊತ್ತು. ಕಲ್ಲು ಓದುವ ವಿದ್ಯೆ ಕಲಿಸಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ.

ರಾಷ್ಟ್ರೀಯ ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ನೆತ್ತಿ ಹಳದಿ. ರಾಜ್ಯ ಹೆದ್ದಾರಿಯದು ಹಸಿರು. ಗ್ರಾಮ ಸಡಕ್ ಯೋಜನೆಯ ಹಳ್ಳಿಯ ರಸ್ತೆಗಳಲ್ಲಿ ಕಿತ್ತಳೆ. ಅಂದರೆ ಕಲ್ಲಿನ ಬಣ್ಣ ನೋಡಿದ ಮಾತ್ರಕ್ಕೆ ಯಾವ ಜಾತಿಯ ರಸ್ತೆಯ ಮೇಲಿದ್ದೇವೆಂದು ತಿಳಿಯುತ್ತದೆ. ಹೆದ್ದಾರಿಯ ಸಂಖ್ಯೆ, ಮುಂದಿನ ಊರಿನ ಹೆಸರು, ಅಲ್ಲಿಗೆ ಉಳಿದ ದೂರ ಕಲ್ಲಿನ ಮೇಲೇ ಬರೆದಿರುತ್ತದೆ. ಐದು ಕಿಲೋಮೀಟರಿಗೊಮ್ಮೆ ಬರುವ ಕಲ್ಲು ಕೊಂಚ ದೊಡ್ಡದು. ಅದರಲ್ಲಿ ಒಂದಕ್ಕಿಂತ ಹೆಚ್ಚು ಊರುಗಳ ಹೆಸರಿರುತ್ತವೆ.

ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ಗಿಡ್ಡನೆಯ ಸಣ್ಣ ಕಲ್ಲುಗಳಿರುವುದನ್ನು ಬಹಳ ಜನ ಗಮನಿಸಿರುವುದಿಲ್ಲ. ಅವುಗಳ ಮೇಲೆ 2, 4, 6, 8 ಎಂಬ ಅಂಕಿಗಳಷ್ಟೇ ಇರುತ್ತವೆ. ಇದೇನು ಮಗ್ಗಿಯೋ ಎಂದು ಮಕ್ಕಳು ನಗಬಹುದು. ಅವು 200 ಮೀಟರಿಗೊಂದರಂತೆ ನೆಟ್ಟ ಕಲ್ಲುಗಳು: 2 ಎಂದರೆ 200 ಮೀಟರ್, 4 ಎಂದರೆ 400. 'ಹಾಸನ 42 ಎಂಬ ಹಳದಿ ಕಲ್ಲು ದಾಟಿ, 4ರ ಸಣ್ಣ ಕಲ್ಲಿನ ಹತ್ತಿರ, ಹಾಸನಕ್ಕೆ ಹೋಗುವ ಬದಿ' ಎಂದು ಹೇಳಬಲ್ಲ ಐದನೆಯ ತರಗತಿಯ ಹುಡುಗಿ, 'ಇಲ್ಲೇ ಸಾರ್, ಒಂದು ದೊಡ್ಡ ಆಲದ ಮರ ಇದೆ' ಎನ್ನುವ ದೊಡ್ಡವರಿಗಿಂತ ಬೇಗ ನೆರವನ್ನು ಕರೆಸಬಲ್ಲಳು. ಆಲದ ಮರಗಳು ದಾರಿಯುದ್ದಕ್ಕೂ ಇವೆ. 42ರ ನಂತರದ 4 ಒಂದೇ.

ಜರ್ಮನಿಯವರು ಇದೇ ತೊಡಕನ್ನು ಬೇರೆ ಬಗೆಯಲ್ಲಿ ಬಿಡಿಸಿದರು. ಅವರ ಆಟೊಬಾನ್ ಎಂಬ ಹೆದ್ದಾರಿಗಳ ಬದಿಯಲ್ಲಿ ಸುಮಾರು ಎರಡು ಕಿಲೋಮೀಟರಿಗೊಂದರಂತೆ ಕಿತ್ತಳೆ ಬಣ್ಣದ ದೂರವಾಣಿ ಕಂಬಗಳಿವೆ. ನಡುವಿನ ಚಿಕ್ಕ ಗುರುತುಕಂಬಗಳ ಮೇಲೆ ಪುಟ್ಟ ಕಪ್ಪು ಬಾಣಗಳಿರುತ್ತವೆ. ಬಾಣ ತೋರಿದ ಕಡೆ ನಡೆದರೆ ಹತ್ತಿರದ ದೂರವಾಣಿ ಸಿಗುತ್ತದೆ. ಅದರ ಮೂಲಕ ಕರೆ ಮಾಡಿದರೆ ತಾನು ಎಲ್ಲಿ ನಿಂತಿದ್ದೇನೆಂದು ಆ ಕಂಬವೇ ತಿಳಿಸುತ್ತದೆ. ನಮ್ಮ ಕೆಲವು ಹೆದ್ದಾರಿಗಳಲ್ಲೂ 'ಎಸ್‌ಒಎಸ್' ಎಂದು ಬರೆದ ಪೆಟ್ಟಿಗೆಗಳನ್ನು ಇಟ್ಟಿದ್ದಾರೆ. ಆದರೆ ಎಲ್ಲ ರಸ್ತೆಗಳಲ್ಲೂ ಅವು ಇಲ್ಲ. ಇರುವ ಕಡೆಯೂ ಎಲ್ಲವೂ ಕೆಲಸ ಮಾಡುತ್ತವೆಂಬ ಭರವಸೆಯಿಲ್ಲ. ಕಲ್ಲಿಗೆ ತಂತಿ ಬೇಡ, ವಿದ್ಯುತ್ ಬೇಡ. ಅದು ಕೆಡುವುದೂ ಇಲ್ಲ.

ಈಗಿನ ಮೊಬೈಲ್ ಫೋನುಗಳು ತಾವಿರುವ ಜಾಗವನ್ನು ತಾವೇ ತಿಳಿಸಬಲ್ಲವು, ನಿಜ. ಆದರೆ ಬ್ಯಾಟರಿ ಮುಗಿದಾಗ, ಇಂಟರ್ನೆಟ್ ಸಿಗದಾಗ, ಬಿದ್ದವನ ಫೋನು ಒಡೆದು ಬೇರೆಯವರ ಹಳೆಯ ಫೋನಿನಿಂದ ಮಾತನಾಡುವಾಗ ಬಾಯಿಮಾತಿನ ವಿಳಾಸವೇ ಗತಿ.

ಹೆಸರು ಹೇಳಬೇಕೆಂದಿಲ್ಲ

ಹಾಸನದ ಹೊರವಲಯದಲ್ಲಿ ಬಸ್ಸು ಡೀಸೆಲ್ ಹಾಕಿಸಿಕೊಳ್ಳುತ್ತದೆ. ಇಲ್ಲಿಗೆ ದಾರಿಯ ಅರ್ಧಕ್ಕಿಂತ ಹೆಚ್ಚು ಮುಗಿದಿದೆ. ಇಷ್ಟು ಹೊತ್ತಿಗೆ ಯಾರಾದರೊಬ್ಬ ತಂದೆಯ ಮನಸ್ಸಿನಲ್ಲಿ ಒಂದು ಸಂದೇಹ ಸುಳಿದಿರಲೂ ಸಾಕು: ಮಗನಿಗೆ ಇವನ್ನೆಲ್ಲ ಕಲಿಸಿದರೆ, ನಾಳೆ ಅವನು ಯಾರದೋ ಅಪಘಾತಕ್ಕೆ ಫೋನ್ ಮಾಡಿ ಪೊಲೀಸ್ ಠಾಣೆ, ಕೋರ್ಟು ಎಂದು ಅಲೆಯಬೇಕಾದೀತೆ?

ಈ ಭಯ ಹುಸಿಯಲ್ಲ. ಒಂದು ಕಾಲದಲ್ಲಿ ಅದಕ್ಕೆ ಕಾರಣವೂ ಇತ್ತು. ವೇಗವಾಗಿ ಬಂದ ಕಾರೊಂದು ಸ್ಕೂಟರ್ ಸವಾರನೊಬ್ಬನಿಗೆ ಗುದ್ದಿತು. ಕಂಡವರೊಬ್ಬರು ಅವನನ್ನು ಹತ್ತಿರದ ಆಸ್ಪತ್ರೆಗೆ ಒಯ್ದರೆ, ಇದು ಪೊಲೀಸ್ ಕೇಸು, ನಾವು ನೋಡುವುದಿಲ್ಲ ಎಂದು ಅಲ್ಲಿನವರು 20 ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಸಾಗಹಾಕಿದರು. ದಾರಿಯಲ್ಲೇ ಅವನು ಸತ್ತ. ಪತ್ರಿಕೆಯಲ್ಲಿ ಬಂದ ಈ ವರದಿಯನ್ನೇ ಮುಂದಿಟ್ಟುಕೊಂಡು ಪರಮಾನಂದ ಕಟಾರಾ ಎಂಬವರು ಸುಪ್ರೀಂ ಕೋರ್ಟಿಗೆ ಹೋದರು. ಜೀವ ಉಳಿಸುವುದು ಮೊದಲು, ಕಾಗದಪತ್ರ ಆಮೇಲೆ. ಸರ್ಕಾರಿ ವೈದ್ಯರಿರಲಿ ಖಾಸಗಿ ವೈದ್ಯರಿರಲಿ ಎಲ್ಲರಿಗೂ ಇದು ಕರ್ತವ್ಯ ಎಂದು ನ್ಯಾಯಾಲಯ 1989ರಲ್ಲಿ ತೀರ್ಪು ಕೊಟ್ಟಿತು.

ನೆರವಾದವನ ರಕ್ಷಣೆಗೆ ಇನ್ನೂ ಹಲವು ವರ್ಷ ಕಾಯಬೇಕಾಯಿತು. ಕೇಂದ್ರ ಸರ್ಕಾರ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ಕಾನೂನಿನ ಬಲ ಕೊಟ್ಟಿತು. ಗಾಯಾಳುವಿಗಾಗಿ ಫೋನ್ ಮಾಡಿದವರು ತಮ್ಮ ಹೆಸರು ವಿಳಾಸ ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಆಸ್ಪತ್ರೆಗೆ ಕರೆತಂದವರನ್ನು ತಡೆದು ನಿಲ್ಲಿಸುವಂತಿಲ್ಲ, ಅವರಿಂದ ಹಣ ಕೇಳುವಂತಿಲ್ಲ. ಸಾಕ್ಷಿ ಹೇಳುವುದು, ಬಿಡುವುದು ಅವರ ಇಚ್ಛೆ. ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇದಕ್ಕೆಂದೇ ತನ್ನದೇ ಕಾಯ್ದೆ ಮಾಡಿತು. 2016ರಲ್ಲಿ ವಿಧಾನಮಂಡಲ ಒಪ್ಪಿದ ಆ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2019ರಲ್ಲಿ ದೇಶದ ಮೋಟಾರು ವಾಹನ ಕಾಯ್ದೆಗೂ 134-ಎ ಎಂಬ ಕಲಮು ಸೇರಿತು. ಹೀಗಾಗಿ ಆ ತಂದೆಗೆ ಕೊಡಬಹುದಾದ ಉತ್ತರ ಸರಳ: ಹುಡುಗ ಜಾಗ ಹೇಳಿದರೆ ಸಾಕು, ಹೆಸರು ಹೇಳಬೇಕೆಂದಿಲ್ಲ.

ನಂಬರ್ ಪ್ಲೇಟಿನ ಆಟ

ಆಲೂರು ಕಳೆದು ಸಕಲೇಶಪುರದತ್ತ ಸಾಗಿದಂತೆ ಗಾಳಿಯಲ್ಲಿ ತೇವ ಸೇರಿಕೊಳ್ಳುತ್ತದೆ. ಕಾಫಿ ತೋಟಗಳ ನಡುವೆ ರಸ್ತೆ ಬಳುಕತೊಡಗುತ್ತದೆ. ಈ ದಾರಿಯಲ್ಲಿ ಲಾರಿಗಳು ಹೆಚ್ಚು. ಮಂಗಳೂರಿನ ಬಂದರಿನ ಕಡೆಯಿಂದ ಏರಿ ಬರುವ ತೈಲದ, ಅನಿಲದ ಟ್ಯಾಂಕರುಗಳೂ ಸೇರಿ, ತಿರುವಿನಲ್ಲಿ ಒಂದನ್ನೊಂದು ಹಿಂದೆ ಹಾಕಲು ನುಗ್ಗುವಾಗ ಎದುರಿನ ಬಸ್ಸಿನಲ್ಲಿರುವವರ ಉಸಿರು ನಿಂತಂತಾಗುತ್ತದೆ.

ಅಪಘಾತವಾದ ಮೇಲೆ ಕರೆ ಮಾಡುವುದು ಒಂದು ಬಗೆ. ಆಗುವ ಮೊದಲೇ ಕರೆ ಮಾಡುವುದು ಇನ್ನೊಂದು. ಕುಡಿದವರಂತೆ ಓಲಾಡುತ್ತಾ ಸಾಗುವ ಲಾರಿ, ತಪ್ಪು ಬದಿಯಲ್ಲಿ ಎದುರಿಗೆ ಬರುವ ಟ್ರ್ಯಾಕ್ಟರ್, ಕತ್ತಲಲ್ಲಿ ದೀಪವಿಲ್ಲದೆ ನಡುರಸ್ತೆಯಲ್ಲಿ ಕೆಟ್ಟು ನಿಂತ ಟ್ರಕ್ಕು: ಇವುಗಳ ಬಗ್ಗೆ 112ಕ್ಕೆ ತಿಳಿಸಬಹುದು. ಅಪಾಯಕರ ಚಾಲನೆ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಂತೆ ಶಿಕ್ಷಾರ್ಹ ಅಪರಾಧ. ಆದರೆ 'ಒಂದು ಲಾರಿ ಹುಚ್ಚುಚ್ಚಾಗಿ ಹೋಗುತ್ತಿದೆ' ಎಂದರೆ ಪೊಲೀಸರು ಏನು ಮಾಡಿಯಾರು? ವಾಹನದ ಸಂಖ್ಯೆ, ಬಣ್ಣ, ಸಾಗುತ್ತಿರುವ ದಿಕ್ಕು, ಕಡೆಗೆ ಕಂಡ ಕಲ್ಲು, ಆಗಿನ ವೇಳೆ. ಈ ಐದು ಗೊತ್ತಾದರೆ ಮುಂದಿನ ಠಾಣೆಯವರು ದಾರಿ ಕಾಯಬಹುದು.

ಇದಕ್ಕೂ ಮಕ್ಕಳಿಗೊಂದು ಆಟವಿದೆ. ಎದುರಿಗೆ ಬರುವ ವಾಹನ ಯಾವ ಊರಿನದೆಂದು ಗುರುತಿಸುವುದು. ಕೆಎ-13 ಹಾಸನ, ಕೆಎ-46 ಸಕಲೇಶಪುರ, ಕೆಎ-21 ಪುತ್ತೂರು, ಕೆಎ-19 ಮಂಗಳೂರು, ಕೆಎ-52 ನೆಲಮಂಗಲ, ಕೆಎ-06 ತುಮಕೂರು. ಸಂಖ್ಯೆಯ ನಂತರ 'ಎಫ್' ಎಂಬ ಅಕ್ಷರವಿದ್ದರೆ ಸರ್ಕಾರಿ ಸಾರಿಗೆ ಸಂಸ್ಥೆಯ ಬಸ್ಸು. ನೂರು ಕಿಲೋಮೀಟರ್ ಈ ಆಟ ಆಡಿದ ಮಗು ಕ್ಷಣಮಾತ್ರ ಕಂಡ ನಂಬರನ್ನು ನೆನಪಿನಲ್ಲಿಟ್ಟುಕೊಳ್ಳುವುದನ್ನು ತಾನಾಗಿಯೇ ಕಲಿತಿರುತ್ತದೆ.

ಆಟಕ್ಕೆ ಎರಡು ನಿಯಮಗಳಿವೆ. ಒಂದು, ಫೋನು ಚಾಲಕನ ಕೈಗೆ ಹೋಗಬಾರದು. ಕರೆ ಮಾಡುವುದು ಪಕ್ಕದಲ್ಲಿ ಕುಳಿತವರ ಕೆಲಸ. ಎರಡು, ತಪ್ಪು ಮಾಡಿದ ವಾಹನವನ್ನು ಬೆನ್ನಟ್ಟಬಾರದು. ಒಬ್ಬನ ಹುಚ್ಚು ವೇಗವನ್ನು ವರದಿ ಮಾಡಲು ಇನ್ನೊಬ್ಬ ಹುಚ್ಚು ವೇಗದಲ್ಲಿ ಹೋದರೆ ರಸ್ತೆಯಲ್ಲಿ ಅಪಾಯ ಎರಡಾಗುತ್ತದೆ. ತಮ್ಮದೇ ಬಸ್ಸಿನ ಚಾಲಕ ನಿದ್ದೆಗಣ್ಣಿನಲ್ಲಿದ್ದರೆ, ಅಥವಾ ಮೊಬೈಲ್ ಕಿವಿಗಿಟ್ಟುಕೊಂಡು ಓಡಿಸುತ್ತಿದ್ದರೆ? ಮಕ್ಕಳು ಮೇಷ್ಟ್ರಿಗೆ ಹೇಳಲು ಸಂಕೋಚಪಡಬಾರದು. ಶಾಲಾ ಬಸ್ಸಿನ ಮೈಮೇಲೆ ಶಾಲೆಯ ಹೆಸರು, ದೂರವಾಣಿ ಸಂಖ್ಯೆ ಬರೆಸಬೇಕೆಂಬ ನಿಯಮ ಇರುವುದೇ ರಸ್ತೆಯಲ್ಲಿ ಕಂಡವರು ಶಾಲೆಗೆ ತಿಳಿಸಲಿ ಎಂದು. ಹೊರಗಿನವರಿಗಿರುವ ಹಕ್ಕು ಒಳಗೆ ಕುಳಿತ ಮಗುವಿಗೆ ಇಲ್ಲದೆ ಹೋದೀತೆ?

ಗೋಪುರ ಸಿಗದ ಘಾಟಿ

ಸಕಲೇಶಪುರ ಬಿಟ್ಟು ದೋಣಿಗಲ್ ದಾಟಿದರೆ ಶಿರಾಡಿ ಘಾಟಿ. ಒಂದು ಬದಿಗೆ ಬೆಟ್ಟ, ಇನ್ನೊಂದು ಬದಿಗೆ ಕೆಳಗೆ ಕೆಂಪುಹೊಳೆ. ಕಾಡಿನ ಮೇಲ್ಭಾಗದಲ್ಲೆಲ್ಲೋ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ಸುರಂಗ, ಸೇತುವೆಗಳನ್ನು ಹಾಯುತ್ತದೆ. ಹೊಂಡಗಳಿಗೆ ಹೆಸರಾಗಿದ್ದ ಈ ಘಾಟಿಗೆ ಎರಡು ಹಂತಗಳಲ್ಲಿ ಕಾಂಕ್ರೀಟು ಹಾಕಿ, 2018ರ ಜುಲೈನಲ್ಲಿ ಎರಡನೆಯ ಹಂತವನ್ನು ಸಂಚಾರಕ್ಕೆ ಬಿಟ್ಟರು. ಮರುತಿಂಗಳೇ ಮಹಾಮಳೆಗೆ ಗುಡ್ಡಗಳು ಕುಸಿದು ರಸ್ತೆ ಮತ್ತೆ ಮುಚ್ಚಿತು. 2024ರ ಜುಲೈನಲ್ಲೂ ಸಕಲೇಶಪುರದ ಬದಿಯಲ್ಲಿ ಗುಡ್ಡ ಜಾರಿತು. ಮಳೆಗಾಲದಲ್ಲಿ ಘಾಟಿ ತೆರೆದಿದೆಯೋ ಇಲ್ಲವೋ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಬಲ್ಲವರ ಪದ್ಧತಿ.

ಘಾಟಿಯ ಹಲವೆಡೆ ಮೊಬೈಲ್ ಸಿಗ್ನಲ್ ಕ್ಷೀಣ. ಕೆಲವು ತಿರುವುಗಳಲ್ಲಿ ಏನೂ ಇಲ್ಲ. 112ಕ್ಕೊಂದು ವಿಶೇಷವಿದೆ: ತಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಹತ್ತಿರದಲ್ಲಿ ಬೇರೆ ಕಂಪನಿಯ ಗೋಪುರವಿದ್ದರೆ ಅದರ ಮೂಲಕ ಈ ಕರೆ ಹೋಗಲು ಸಾಧ್ಯ. ಆದ್ದರಿಂದ ಫೋನಿನ ಪರದೆಯಲ್ಲಿ ಸಿಗ್ನಲ್ ಗೆರೆಗಳಿಲ್ಲವೆಂದು ಕೈಚೆಲ್ಲದೆ 112 ಒತ್ತಿ ನೋಡಬೇಕು. ಯಾವ ಗೋಪುರವೂ ಇಲ್ಲದ ಕಡೆ ಹಳೆಯ ಕಾಲದ ಉಪಾಯವೇ ಉಳಿದದ್ದು. ಎರಡೂ ದಿಕ್ಕಿಗೆ ಹೋಗುವ ವಾಹನಗಳನ್ನು ನಿಲ್ಲಿಸಿ, ಜಾಗದ ಗುರುತನ್ನು ಚೀಟಿಯಲ್ಲಿ ಬರೆದುಕೊಟ್ಟು, ಸಿಗ್ನಲ್ ಸಿಕ್ಕಿದ ಮೊದಲ ಜಾಗದಿಂದ ಕರೆ ಮಾಡುವಂತೆ ಕೇಳಿಕೊಳ್ಳುವುದು. ಮೇಲಕ್ಕೊಂದು ಚೀಟಿ, ಕೆಳಕ್ಕೊಂದು ಚೀಟಿ. ಬಾಯಲ್ಲಿ ಹೇಳಿದ್ದು ಹತ್ತು ತಿರುವು ದಾಟುವಷ್ಟರಲ್ಲಿ ಬದಲಾಗಿರುತ್ತದೆ, ಬರೆದದ್ದು ಬದಲಾಗುವುದಿಲ್ಲ.

ಎರಡೂ ಕಡೆಗೆ ಏಕೆ? ಘಾಟಿಯ ಮೇಲಿನ ಭಾಗ ಹಾಸನ ಜಿಲ್ಲೆ, ಕೆಳಗಿನ ಭಾಗ ದಕ್ಷಿಣ ಕನ್ನಡ. ಮಾರನಹಳ್ಳಿಯ ಹತ್ತಿರ ಆದದ್ದಕ್ಕೆ ಸಕಲೇಶಪುರದಿಂದ ಇಳಿದು ಬರಬೇಕು. ಗುಂಡ್ಯದ ಹತ್ತಿರ ಆದದ್ದಕ್ಕೆ ನೆಲ್ಯಾಡಿ, ಉಪ್ಪಿನಂಗಡಿಯ ಕಡೆಯಿಂದ ಏರಿ ಬರಬೇಕು. 'ಶಿರಾಡಿ ಘಾಟಿಯಲ್ಲಿ' ಎಂದಷ್ಟೇ ಹೇಳಿದರೆ ಆಂಬುಲೆನ್ಸ್ ತಪ್ಪು ತುದಿಯಿಂದ ಹೊರಟೀತು. ರಸ್ತೆ ಕಟ್ಟಿಕೊಂಡು ವಾಹನಗಳು ಸಾಲುಗಟ್ಟಿದ್ದರೆ ಅದು ಅರ್ಧ ದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ದೋಣಿಗಲ್, ಮಾರನಹಳ್ಳಿ, ಕೆಂಪುಹೊಳೆ, ಅಡ್ಡಹೊಳೆ, ಗುಂಡ್ಯ. ಮೇಲಿನಿಂದ ಕೆಳಗೆ ಈ ಹೆಸರುಗಳನ್ನು ಕ್ರಮವಾಗಿ ಬಲ್ಲವನು ಘಾಟಿಯಲ್ಲಿ ದಾರಿ ತಪ್ಪಿದವನಲ್ಲ.

ದೂರದಿಂದ ಮಾಡುವ ಕರೆ

ಗುಂಡ್ಯದಲ್ಲಿ ಸುಬ್ರಹ್ಮಣ್ಯದ ದಾರಿ ಕವಲೊಡೆಯುತ್ತದೆ. ಅಲ್ಲಿಂದ ಮುಂದೆ ಅಡಿಕೆ ತೋಟ, ಹೆಂಚಿನ ಮನೆ, ಕರಾವಳಿಯ ಸೆಕೆ. ಉಪ್ಪಿನಂಗಡಿಯನ್ನು ದಾಟಿ ಮಾಣಿಯ ಕಡೆಗೆ ಹೋಗುವಾಗ ಪೆರ್ನೆ ಎಂಬ ಊರು ಸಿಗುತ್ತದೆ. 2013ರ ಏಪ್ರಿಲಿನಲ್ಲಿ ಇಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿ, ಸೋರಿದ ಅನಿಲ ಹೊತ್ತಿಕೊಂಡಿತು. ರಸ್ತೆಯ ಬದಿಯ ಮನೆಗಳಲ್ಲಿದ್ದ, ಬೆಳಗಿನ ಕೆಲಸದಲ್ಲಿದ್ದ ಹಲವರು ಬೆಂದು ಸತ್ತರು.

ಉರುಳಿದ ಟ್ಯಾಂಕರನ್ನು ಕಂಡಾಗ ಮಾತ್ರ ಮೇಲೆ ಹೇಳಿದ ಕ್ರಮ ತಿರುವುಮುರುವಾಗಬೇಕು. ಹತ್ತಿರ ಹೋಗಿ ನೋಡುವುದಿಲ್ಲ, ಅಲ್ಲೇ ನಿಂತು ಫೋನ್ ಮಾಡುವುದೂ ಇಲ್ಲ. ಮೊದಲು ದೂರ ಸರಿಯಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ. ಅಡುಗೆ ಅನಿಲ ಗಾಳಿಗಿಂತ ಭಾರ. ನೆಲದ ಮೇಲೆ ತೆವಳುತ್ತಾ ಚರಂಡಿ, ತಗ್ಗುಗಳಲ್ಲಿ ತುಂಬಿಕೊಳ್ಳುತ್ತದೆ. ವಾಹನದ ಎಂಜಿನ್ ಚಾಲೂ ಮಾಡುವ ಕಿಡಿ, ಸ್ವಿಚ್ಚಿನ ಕಿಡಿ, ಬೀಡಿಯ ಕಿಡಿ ಯಾವುದೂ ಅದಕ್ಕೆ ಸಾಕು. ಸುರಕ್ಷಿತ ದೂರ ತಲುಪಿದ ಮೇಲೆ 112ಕ್ಕೆ ಕರೆ ಮಾಡಿ, ಟ್ಯಾಂಕರಿನ ಮೇಲೆ ಬರೆದದ್ದು ಕಂಡಿದ್ದರೆ ಅದನ್ನೂ ಹೇಳಬೇಕು. ಎದುರಿನಿಂದ ಬರುವ ವಾಹನಗಳನ್ನು ದೂರದಲ್ಲೇ ತಡೆಯುವುದು ಆಮೇಲಿನ ಕೆಲಸ. ಪ್ರಾಣ ಉಳಿದವರು ಮಾತ್ರ ಇನ್ನೊಬ್ಬರ ಪ್ರಾಣ ಉಳಿಸಬಲ್ಲರು.

ಅದೇ ಪ್ರಶ್ನೆ

ಮಾಣಿ ಕಳೆದು ಬಿ.ಸಿ. ರೋಡ್. ಬಂಟ್ವಾಳ ಕ್ರಾಸ್ ರೋಡ್ ಎಂಬುದರ ಚಿಕ್ಕ ರೂಪ ಇದು. 75ನೇ ಹೆದ್ದಾರಿ ಇಲ್ಲಿ ಮುಗಿಯುತ್ತದೆ. ಚಾರ್ಮಾಡಿಯ ಕಡೆಯಿಂದ ಬರುವ 73ನೇ ಹೆದ್ದಾರಿ ಇಲ್ಲಿಂದ ಮಂಗಳೂರಿಗೆ ಕರೆದೊಯ್ಯುತ್ತದೆ. ರಸ್ತೆ ಒಂದೇ ಎಂಬಂತೆ ಕಂಡರೂ ಕಲ್ಲಿನ ಮೇಲಿನ ಸಂಖ್ಯೆ ಬದಲಾಗಿದೆ. ಬೆಳಗ್ಗೆ ನೆಲಮಂಗಲದಲ್ಲಿ ಕೇಳಿದ ಕಥೆಯನ್ನು ನೆನಪಿಟ್ಟ ಮಕ್ಕಳು ಈ ಬದಲಾವಣೆಯನ್ನು ತಾವೇ ಗುರುತಿಸಿ ಕೂಗಿಕೊಂಡರೆ ಆಶ್ಚರ್ಯವಿಲ್ಲ.

ಬಸ್ಸು ವಸತಿಯ ಜಾಗ ತಲುಪುವಾಗ ಹೊತ್ತು ಮುಳುಗಿರುತ್ತದೆ. ದಾರಿಯಲ್ಲಿ ಏನೂ ಆಗಿಲ್ಲ. ಯಾರೂ ಯಾವ ಸಂಖ್ಯೆಯನ್ನೂ ಒತ್ತಬೇಕಾಗಲಿಲ್ಲ. ಹೆಚ್ಚಿನ ಪ್ರಯಾಣಗಳು ಹೀಗೆಯೇ ಮುಗಿಯುತ್ತವೆ, ಹೀಗೆಯೇ ಮುಗಿಯಲಿ. ಆದರೂ ಈ 350 ಕಿಲೋಮೀಟರಿನಲ್ಲಿ ಕಲ್ಲು ಓದಲು ಕಲಿತ ನಲವತ್ತು ಮಕ್ಕಳು ಮುಂದೆ ಯಾವ ರಸ್ತೆಗೆ ಹೋದರೂ ಆ ವಿದ್ಯೆ ಅವರ ಜೊತೆಗಿರುತ್ತದೆ. ನಾಳೆ ಯಾವುದೋ ಕತ್ತಲ ರಸ್ತೆಯಲ್ಲಿ, ಹೆಸರು ಗೊತ್ತಿಲ್ಲದ ಯಾರಿಗೋ ಅದು ನೆರವಾಗಬಹುದು.

ಕೋಣೆಗಳ ಬೀಗದ ಕೈ ಹಂಚುವ ಮೊದಲು ಮೇಷ್ಟ್ರು ತಮ್ಮ ಫೋನನ್ನು ಒಬ್ಬೊಬ್ಬರಿಗೇ ಕೊಡುತ್ತಾರೆ. ಬೆಂಗಳೂರಿನ ಮನೆಯಲ್ಲಿ ಬೆಳಗಿನಿಂದ ಕಾದಿದ್ದ ತಾಯಿ ಮೊದಲ ಗಂಟೆಗೇ ಎತ್ತುತ್ತಾಳೆ. ಊಟವಾಯಿತೇ, ಚಳಿಯೇ, ಸೆಕೆಯೇ ಎಂಬುದೆಲ್ಲ ಆಮೇಲೆ. ಅವಳು ಮೊದಲು ಕೇಳುವುದು ಸಹಾಯವಾಣಿಯವರು ಕೇಳುವುದನ್ನೇ:

'ಎಲ್ಲಿದ್ದೀಯ ಮಗು?'